ಚಿಕ್ಕಪ್ಪ ಕೂಗಿದ್ದು ನಿಜ

ನಾನು ಎಂಟನೆಯ ತರಗತಿಗೆ ಸೇರಿದ ವರ್ಷ ನಮ್ಮ ಮನೆಯಲ್ಲಿ ದಿನವೂ ಒಂದೇ ಜಗಳ. ಅಮ್ಮ ಒಲೆಯ ಮುಂದೆ ಕೂತು ಏನೋ ಕೇಳುತ್ತಿದ್ದಳು, ಹೊರಗೆ ಜಗಲಿಯ ಮೇಲಿದ್ದ ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಎರಡನೆಯ ಸಲ ಕೇಳುತ್ತಿದ್ದಳು. ಮೂರನೆಯ ಸಲಕ್ಕೆ ಅವಳ ದನಿ ಏರಿ, ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆ ಬೀಳುತ್ತಿತ್ತು. "ಕಲ್ಲಿನ ಮುಂದೆ ಮಾತಾಡಿದಂಗಾಯ್ತು. ಮದುವೆಯಾಗಿ ಹದಿನಾರು ವರ್ಷಕ್ಕೇ ನನ್ನ ಮಾತು ಬೇಡವಾಗೋಯ್ತು ಈ ಮನುಷ್ಯಂಗೆ," ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು. ಅಪ್ಪ ಆಗ ತಲೆಯೆತ್ತಿ, ಏನೋ ನಡೆದಿದೆ ಎಂದು ಅರ್ಥಮಾಡಿಕೊಂಡವನಂತೆ, ನಮ್ಮಿಬ್ಬರ ಮುಖ ನೋಡಿ ಸಣ್ಣಗೆ ನಗುತ್ತಿದ್ದ. ಆ ನಗು ಅಮ್ಮನ ಸಿಟ್ಟನ್ನು ಇನ್ನೂ ಹೆಚ್ಚಿಸುತ್ತಿತ್ತು.

ಅದು ಎಪ್ಪತ್ತರ ದಶಕದ ಕೊನೆ. ನಾವು ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ, ಆರು ಮನೆಗಳ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ವಠಾರದ ಹಿಂದೆ ಮನೆ ಮಾಲೀಕರ ರಾಗಿ ಹೊಲ. ಹೊಲದ ಆಚೆ ಬೇಲಿ, ಬೇಲಿಯ ಆಚೆ ಪೀಣ್ಯದ ಶೆಡ್ಡುಗಳು ಶುರುವಾಗುತ್ತಿದ್ದವು. ಗಾಳಿ ಈ ಕಡೆಗೆ ಬೀಸಿದರೆ ಲೋಹ ಸುಟ್ಟ ವಾಸನೆ ಬರುತ್ತಿತ್ತು. ಅಪ್ಪ ಅಲ್ಲಿ ಒಂದು ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿದ್ದ. ಸ್ವಿಚ್‌ಬೋರ್ಡುಗಳಿಗೆ ಬೇಕಾಗುವ ಕಬ್ಬಿಣದ ಡಬ್ಬಗಳನ್ನು ಅಲ್ಲಿ ಮಾಡುತ್ತಿದ್ದರು. ಆಳೆತ್ತರದ ಯಂತ್ರದ ಕೆಳಗೆ ಒಬ್ಬ ತಗಡು ಹಿಡಿದು, ಇನ್ನೊಬ್ಬ ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಭಾರ ಧಡ್ ಎಂದು ಬಿದ್ದು, ತಗಡು ಕತ್ತರಿಸಿ ಬೇಕಾದ ಆಕಾರಕ್ಕೆ ಬರುತ್ತಿತ್ತು. ಅಂಥ ಹನ್ನೆರಡು ಯಂತ್ರಗಳು ಒಂದೇ ಸೂರಿನ ಕೆಳಗೆ. ಒಮ್ಮೆ ಅಪ್ಪ ಬುತ್ತಿ ಮರೆತು ಹೋಗಿದ್ದನೆಂದು ನಾನು ಗೇಟಿನ ತನಕ ಹೋಗಿದ್ದೆ. ಗೇಟಿನಲ್ಲಿ ನಿಂತಿದ್ದಕ್ಕೇ ನನ್ನ ಎದೆಗೂಡು ಅದುರಿತು. ಅಪ್ಪ ಅದರೊಳಗೆ ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಗಂಟೆ ನಿಂತಿದ್ದ.

ಅಪ್ಪನ ಯಂತ್ರದಲ್ಲಿ ತಗಡು ಹಿಡಿಯುವ ಜೊತೆಗಾರನಾಗಿದ್ದವನು ನಮ್ಮ ವಠಾರದಲ್ಲೇ, ಎರಡು ಮನೆ ಆಚೆ ಇದ್ದ. ನೆಲಮಂಗಲದ ಕಡೆಯವನು. ಅಪ್ಪನಿಗಿಂತ ಏಳೆಂಟು ವರ್ಷ ಚಿಕ್ಕವನು. ಅಪ್ಪನನ್ನು ಅಣ್ಣ ಎನ್ನುತ್ತಿದ್ದ, ಆದ್ದರಿಂದ ನಮಗೆ ಅವನು ಚಿಕ್ಕಪ್ಪ, ಅವನ ಹೆಂಡತಿ ಚಿಕ್ಕಮ್ಮ. ಇಬ್ಬರೂ ಒಟ್ಟಿಗೆ ಸೈಕಲ್ಲಿನಲ್ಲಿ ಹೋಗಿ ಒಟ್ಟಿಗೆ ಬರುತ್ತಿದ್ದರು. ಚಿಕ್ಕಪ್ಪನಿಗೆ ಮಾತು ಜಾಸ್ತಿ. ಬೋರ್‌ವೆಲ್ ಪಂಪಿನ ಹತ್ತಿರ ನಿಂತು ಅವನು ಫ್ಯಾಕ್ಟರಿಯ ಸುದ್ದಿ ಹೇಳಲು ಶುರುಮಾಡಿದರೆ ಹೆಂಗಸರು ಕೊಡ ತುಂಬಿದ್ದನ್ನೂ ಮರೆತು ಕೇಳುತ್ತಿದ್ದರು. ಅಪ್ಪ ಪಕ್ಕದಲ್ಲಿ ಕೂತು ಅವನ ಬಾಯನ್ನೇ ನೋಡುತ್ತಿರುತ್ತಿದ್ದ. ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ, ಒಂದು ಕ್ಷಣ ತಡವಾಗಿ.

ಆ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ನಮಗೆ ಶಬ್ದದ ಪಾಠ ಬಂತು. ನಮ್ಮ ವಿಜ್ಞಾನದ ಮೇಷ್ಟ್ರು ಪುಸ್ತಕ ಓದಿಸುವವರಲ್ಲ. ಹಳೆಯ ಒಂದು ಬೀರುವಿನಲ್ಲಿ ಶಾಲೆಯ ಸಾಮಾನೆಲ್ಲ ಇತ್ತು, ಅದರ ಬೀಗದ ಕೈ ಸದಾ ಅವರ ಜನಿವಾರದಲ್ಲೇ ಇರುತ್ತಿತ್ತು. ಅವರು ಅಲ್ಲಿಂದ ಶ್ರುತಿಕವೆಯನ್ನು ತೆಗೆದರು. ಎರಡು ಕವಲಿನ ಉಕ್ಕಿನ ಕಡ್ಡಿ, ಕೆಳಗೆ ಹಿಡಿಕೆ. ಅದನ್ನು ಚಪ್ಪಲಿಯ ರಬ್ಬರಿಗೆ ಹೊಡೆದು ನಮ್ಮ ಕಿವಿಯ ಹತ್ತಿರ ಒಬ್ಬೊಬ್ಬರಿಗೂ ಹಿಡಿದರು. ತೆಳ್ಳಗೆ, ಎಳೆದಂತೆ ಒಂದು ನಾದ. ಮತ್ತೆ ಹೊಡೆದು ಕವಲಿನ ತುದಿಯನ್ನು ಬಟ್ಟಲಿನ ನೀರಿಗೆ ಮುಟ್ಟಿಸಿದರು. ನೀರು ಚಿಮ್ಮಿ ಮುಂದಿನ ಸಾಲಿನ ಹುಡುಗಿಯರ ಮುಖಕ್ಕೆ ಹಾರಿತು. ನಾವೆಲ್ಲ ಕಿರುಚಿದೆವು.

"ನೋಡಿದ್ರಾ? ಕಣ್ಣಿಗೆ ಸುಮ್ನೆ ನಿಂತ ಹಾಗೆ ಕಾಣುತ್ತೆ. ಆದ್ರೆ ನಡುಗ್ತಾ ಇದೆ," ಎಂದರು ಮೇಷ್ಟ್ರು. "ನಡುಗಿದ್ದು ಗಾಳಿಯನ್ನು ನಡುಗಿಸುತ್ತೆ. ಗಾಳಿ ಕಿವಿಯ ತಮಟೆಯನ್ನ ನಡುಗಿಸುತ್ತೆ. ಅಷ್ಟೇ ಶಬ್ದ ಅಂದ್ರೆ."

ಆಮೇಲೆ ಹಿಡಿಕೆಯನ್ನು ಬೆಂಚಿಗೆ ಊರಿ, ಬೆಂಚಿನ ಇನ್ನೊಂದು ತುದಿಗೆ ಕಿವಿ ಒತ್ತಿಡಲು ಹೇಳಿದರು. ಮರದೊಳಗಿಂದ ನಾದ ಇನ್ನೂ ದಪ್ಪವಾಗಿ ಬಂತು. ಕೊನೆಗೆ ಅದನ್ನು ನನ್ನ ಕಿವಿಯ ಹಿಂದಿನ ಮೂಳೆಗೆ ಊರಿದರು. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡರೂ ತಲೆಯೊಳಗೆಲ್ಲ ಅದೇ ತುಂಬಿಕೊಂಡಿತು. "ಗಾಳಿ ಒಂದೇ ಅಲ್ಲ. ನೀರು, ಮರ, ಮೂಳೆ ಎಲ್ಲವೂ ಮಾಧ್ಯಮವೇ," ಎಂದರು.

ಅಪ್ಪನ ವಿಚಾರ ನನ್ನ ತಲೆಗೆ ಬಂದದ್ದು ಆಗಲೇ. ಅವನು ಉತ್ತರ ಕೊಡದಿರುವುದು ಕಿವಿ ಕೇಳದ್ದಕ್ಕೇ ಇರಬಹುದು, ಹಾಗಿದ್ದರೆ ಮೂಳೆಯಿಂದಲಾದರೂ ಕೇಳಬಹುದು ಎನ್ನಿಸಿತು. ಶನಿವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಹತ್ತಿರ ಹೋಗಿ ನಿಂತೆ. ಮನೆಯಲ್ಲಿ ತಮ್ಮನಿಗೆ ತೋರಿಸುತ್ತೇನೆ, ಸೋಮವಾರ ತಂದುಕೊಡುತ್ತೇನೆ ಎಂದೆ. ನನಗೆ ತಮ್ಮನೇ ಇರಲಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ನೆಲಕ್ಕೆ ಹೊಡೀಬೇಡ, ಹಾಳಾಗುತ್ತೆ," ಎಂದು ಕೊಟ್ಟರು.

ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಗೆಯಲು ಹೋಗಿದ್ದಳು. ಅಪ್ಪ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನು ಅವನ ಎದುರಿಗೆ ಕೂತು, ಶ್ರುತಿಕವೆ ತೋರಿಸಿ, ಸ್ಕೂಲಲ್ಲಿ ಪರೀಕ್ಷೆ ಮಾಡಿಕೊಂಡು ಬರಲು ಹೇಳಿದ್ದಾರೆ ಎಂದೆ. ಹಳೆಯ ಚಪ್ಪಲಿಯ ರಬ್ಬರು ತುಂಡಿಗೆ ಹೊಡೆದು ಅವನ ಕಿವಿಯ ಪಕ್ಕ ಹಿಡಿದೆ.

"ಕೇಳ್ತಾ ಅಪ್ಪ?"

"ಊಂ. ಕೇಳ್ತು ಕಣ್ ಮಗಾ. ಚೆಂದಾಗೈತೆ."

ನನಗೆ ಸಂತೋಷವಾಯಿತು. ಎರಡನೆಯ ಸಲ ಹೊಡೆದಾಗ, ಯಾಕೋ ಕಾಣೆ, ಅವನ ಕಿವಿಯ ಹತ್ತಿರ ಒಯ್ಯುವ ಮೊದಲೇ ಎರಡೂ ಕವಲುಗಳನ್ನು ಬೆರಳಿನಿಂದ ಹಿಡಿದುಬಿಟ್ಟೆ. ನಡುಕ ನಿಂತಿತು. ಸತ್ತ ಕಬ್ಬಿಣವನ್ನು ಅವನ ಕಿವಿಯ ಪಕ್ಕ ಹಿಡಿದೆ.

"ಈಗ?"

"ಊಂ, ಈಗ್ಲೂ ಕೇಳ್ತು. ಮೊದಲಿಗಿಂತ ಜಾಸ್ತಿನೇ ಕೇಳ್ತು."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಮೂರನೆಯ ಸಲ ಹೊಡೆಯಲೇ ಇಲ್ಲ. ಸುಮ್ಮನೆ ಹಿಡಿದೆ. ಅಪ್ಪ ಕಣ್ಣು ಮುಚ್ಚಿ, ನಾದವನ್ನು ಆಲಿಸುವವನ ಹಾಗೆ ತಲೆಯಾಡಿಸುತ್ತ, "ಆಹಾ," ಎಂದ. ಅವನ ಕೈಯ ಎಣ್ಣೆ ತೊಟ್ಟು ತೊಟ್ಟಾಗಿ ಮಣ್ಣಿಗೆ ಬೀಳುತ್ತಿತ್ತು. ನನಗೆ ಅಳು ಬಂತು. ಅವನು ಕಣ್ಣು ತೆರೆದಾಗ ನನ್ನ ಮುಖ ನೋಡಿದ, ನನ್ನ ಮಡಿಲಲ್ಲಿ ರಬ್ಬರು ಹಾಗೇ ಬಿದ್ದಿರುವುದನ್ನು ನೋಡಿದ. ಅವನಿಗೆ ಎಲ್ಲ ತಿಳಿದುಹೋಯಿತು.

ಆಮೇಲೆ ನಾನು ಕವೆಯನ್ನು ಜೋರಾಗಿ ಹೊಡೆದು ಅವನ ಕಿವಿಯ ಹಿಂದಿನ ಮೂಳೆಗೆ ಊರಿದೆ. ಅಪ್ಪನ ಹುಬ್ಬು ಮೇಲೇರಿತು. "ಜುಂ ಅಂತೈತೆ," ಎಂದ, ಈ ಸಲ ನಿಜವಾಗಿ. ನಾನು ಅಷ್ಟಕ್ಕೇ ಆಸೆ ಕಟ್ಟಿಕೊಂಡೆ. ಮೂಳೆಯಿಂದ ಕೇಳುವುದಾದರೆ ಏನಾದರೊಂದು ದಾರಿ ಇರಲೇಬೇಕು.

ಸೋಮವಾರ ಕವೆ ಹಿಂತಿರುಗಿಸುವಾಗ, ಕಿವಿಗೆ ಕೇಳದೆ ಮೂಳೆಗೆ ಮಾತ್ರ ಜುಂ ಎಂದರೆ ಏನರ್ಥ ಎಂದು ಮೇಷ್ಟ್ರನ್ನು ಕೇಳಿದೆ. ಪಕ್ಕದ ಮನೆಯವರೊಬ್ಬರು ಅಂತ ಸುಳ್ಳು ಸೇರಿಸಿದೆ. ಮೇಷ್ಟ್ರು ಹಲಗೆಯ ಮೇಲೆ ಕಿವಿಯ ಚಿತ್ರ ಬರೆದು, ಒಳಗಿನ ಬಸವನಹುಳುವಿನಂಥ ಭಾಗವನ್ನು ತೋರಿಸಿದರು. "ಕಿವಿಯ ಹೊರಭಾಗದಲ್ಲಿ ಏನಾದ್ರೂ ಅಡ್ಡ ಇದ್ರೆ ಮೂಳೆಯಿಂದ ಚೆನ್ನಾಗಿ ಕೇಳುತ್ತೆ. ಇವರಿಗೆ ಜುಂ ಅಂತಷ್ಟೇ ಅನ್ನಿಸ್ತು ಅಂದ್ರೆ ಅದು ಕೇಳಿದ್ದಲ್ಲ, ಚರ್ಮಕ್ಕೆ ತಾಗಿದ್ದು. ಒಳಗಿನ ಸೂಕ್ಷ್ಮ ಭಾಗಾನೇ ಸವೆದಿರಬೇಕು. ಏನು ಕೆಲಸ ಅವರದ್ದು?"

"ಪೀಣ್ಯದಲ್ಲಿ, ಪ್ರೆಸ್ಸು."

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಆ ಜಾಗ ಬಿಡಬೇಕು ಅವರು. ಹೋದದ್ದು ವಾಪಸ್ ಬರೋಲ್ಲ. ಇರೋದನ್ನಾದ್ರೂ ಉಳಿಸಿಕೊಳ್ಳಬೇಕು. ಹೇಳು ಅವರಿಗೆ."

ಹೇಳಿದೆ. ಅಪ್ಪನ ಎದುರು ಕೂತು, ತುಟಿಗಳನ್ನು ಅಗಲಿಸಿ, ನಿಧಾನವಾಗಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ನನ್ನ ತಲೆ ಸವರಿದ. "ಪ್ರೆಸ್ಸು ಬಿಟ್ರೆ ನಂಗಿನ್ನೇನು ಗೊತ್ತೈತೆ ಮಗಾ? ನಿಮ್ಮಮ್ಮಂಗೆ ಏಳ್ಬ್ಯಾಡ. ಚಿಕ್ಕಪ್ಪಂಗೂ ಏಳ್ಬ್ಯಾಡ. ನಂಗೆ ಅವ್ನ ಭುಜ ನೋಡಿದ್ರೇ ಗೊತ್ತಾಯ್ತದೆ, ಯಾವಾಗ ಒತ್ಬೇಕು ಅಂತ." ನಾನು ಆಯಿತೆಂದೆ. ಹದಿಮೂರು ವರ್ಷದ ನನಗೆ, ಅಪ್ಪ ನನ್ನೊಬ್ಬಳಿಗೆ ಒಂದು ಗುಟ್ಟು ಕೊಟ್ಟಿದ್ದಾನೆ ಎನ್ನುವುದು ದೊಡ್ಡ ವಿಷಯವಾಗಿತ್ತು.

ಅಂದಿನಿಂದ ಮನೆಯಲ್ಲಿ ಅಮ್ಮ ಕರೆದಾಗಲೆಲ್ಲ ನಾನು ಓಡಿಹೋಗಿ ಅಪ್ಪನ ಮೊಣಕೈ ಮುಟ್ಟುತ್ತಿದ್ದೆ. ಜಗಳ ಕಡಿಮೆಯಾಯಿತು. "ಈಗೀಗ ಸ್ವಲ್ಪ ಕಿವಿ ಕೊಡ್ತಾರಪ್ಪ ನಿಮ್ಮಪ್ಪ," ಎಂದು ಅಮ್ಮ ಸಮಾಧಾನಪಟ್ಟುಕೊಂಡಳು.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಡಾಕ್ಟರ್ ಪರೀಕ್ಷೆ ಎಂದು ಸುದ್ದಿ ಬಂತು. ಕಣ್ಣು, ಕಿವಿ, ಎದೆ ನೋಡುತ್ತಾರಂತೆ, ಸರಿಯಿಲ್ಲದವರನ್ನು ಯಂತ್ರದಿಂದ ತೆಗೆಯುತ್ತಾರಂತೆ. ದಿನಕ್ಕೆ ಹತ್ತು ಜನ. ಚಿಕ್ಕಪ್ಪನ ಸರದಿ ಅಪ್ಪನಿಗಿಂತ ಎರಡು ದಿನ ಮುಂಚೆ ಬಂತು. ಅವತ್ತು ಸಂಜೆ ಪಂಪಿನ ಹತ್ತಿರ ಅವನು ಎಲ್ಲರಿಗೂ ನಟಿಸಿ ತೋರಿಸಿದ.

"ಡಾಕ್ಟ್ರು ಹಿಂದುಗಡೆ ನಿಂತ್ಕೊಂಡು ಪಿಸಿಪಿಸಿ ಅಂತ ನಂಬರ್ ಹೇಳ್ತಾರೆ ಕಣಣ್ಣ. ನಾವು ವಾಪಸ್ ಹೇಳ್ಬೇಕು. ಎಲ್ರಿಗೂ ಅವೇ ಮೂರು ನಂಬರ್ರು! ಹದಿನೇಳು, ನಲವತ್ತೆರಡು, ಅರವತ್ತೈದು. ಆಮೇಲೆ ಒಂದು ಕಬ್ಬಿಣದ ಕಡ್ಡಿ ತಲೆಗಿಟ್ಟು, ಸದ್ದು ನಿಂತ್ಮೇಲೆ ಹೇಳು ಅಂತಾರೆ." ಇದನ್ನೆಲ್ಲ ಅವನು ಅಪ್ಪನ ಎದುರಿಗೇ ನಿಂತು, ಅಪ್ಪನ ಕಡೆಗೇ ಮುಖ ಮಾಡಿ, ಎರಡೆರಡು ಸಲ ಹೇಳಿದ. ಅದು ಯಾಕೆಂದು ನಾನು ಆಗ ಯೋಚಿಸಲಿಲ್ಲ.

ಆ ಎರಡು ದಿನ ನಾನು ಅಪ್ಪನಿಗೆ ಮೇಷ್ಟ್ರಾದೆ. ಕವೆಯನ್ನು ಮತ್ತೆ ಬೇಡಿ ತಂದೆ. ಅಪ್ಪನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಹಿಂದೆ ನಿಂತೆ. ಡಾಕ್ಟರು ಪ್ರತಿ ಸಲ ಮಾತಾಡುವ ಮುಂಚೆ ಒಂದು ಹೆಜ್ಜೆ ಇಡಬಹುದು, ನೆಲ ಸ್ವಲ್ಪ ಅದುರುತ್ತದೆ, ಅಂಗಾಲಿಗೆ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಮನಸ್ಸಿನಲ್ಲಿ ಐದು ಎಣಿಸಿ ನಂಬರ್ ಹೇಳು ಎಂದು ಕಲಿಸಿದೆ. ಕಡ್ಡಿಯನ್ನು ಮೂಳೆಗಿಟ್ಟಾಗ ಜುಂ ಎನ್ನುವುದು ಬೇಗ ಸತ್ತುಹೋಗುತ್ತದೆ, ನೀನು ಅದಾದ ಮೇಲೂ ಹದಿನೈದು ಎಣಿಸಿ ಆಮೇಲೆ ನಿಂತಿತು ಎನ್ನು ಎಂದೆ. ಹದಿನೈದು ಯಾಕೆಂದರೆ ನನ್ನ ಕಿವಿಗೆ ಅಷ್ಟು ಹೊತ್ತು ಕೇಳುತ್ತಿತ್ತು. ಪಾಠದಲ್ಲಿ ಕಲಿತದ್ದನ್ನೆಲ್ಲ ನಾನು ಆ ಎರಡು ದಿನದಲ್ಲಿ ಉಪಯೋಗಿಸಿದೆ. ಬಹಳ ಜಾಣೆ ಎಂದುಕೊಂಡಿದ್ದೆ.

ಅಪ್ಪ ಪಾಸಾದ. ಕಾಗದದಲ್ಲಿ ಕಿವಿ ಸರಿಯಿದೆ ಎಂದು ಬರೆದುಕೊಟ್ಟರು. ಸಂಜೆ ಬೇಕರಿಯಿಂದ ದಿಲ್‌ಪಸಂದ್ ತಂದು ನನ್ನ ಕೈಗೆ ಕೊಟ್ಟ. ಯಾಕೆ ಇದು ಎಂದು ಅಮ್ಮ ಕೇಳಿದ್ದಕ್ಕೆ, "ನನ್ ಮಗಳು ಕಲಾಸಿಗೇ ಫಸ್ಟು," ಎಂದ. ನಾನು ಫಸ್ಟ್ ಇರಲಿಲ್ಲ.

ಒಂದೂವರೆ ತಿಂಗಳಾಗಿರಬೇಕು. ಬುಧವಾರ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ವಠಾರದ ಬಾಗಿಲಲ್ಲಿ ಜನ ಗುಂಪುಗೂಡಿದ್ದರು. ಚಿಕ್ಕಮ್ಮ ನೆಲಕ್ಕೆ ಕೂತಿದ್ದಳು, ಅಮ್ಮ ಅವಳನ್ನು ತಬ್ಬಿಕೊಂಡಿದ್ದಳು. ಚಿಕ್ಕಪ್ಪನ ಬಲಗೈ ಪ್ರೆಸ್ಸಿಗೆ ಸಿಕ್ಕಿತ್ತು. ಹೆಬ್ಬೆರಳು ಬಿಟ್ಟು ನಾಲ್ಕೂ ಬೆರಳು ಹೋಗಿದ್ದವು.

ಏನು ನಡೆಯಿತೆಂದು ನನಗೆ ತಿಳಿದದ್ದು ಸ್ವಲ್ಪ ಸ್ವಲ್ಪವಾಗಿ. ಅವತ್ತು ಹೊಸ ಕೆಲಸ ಬಂದಿತ್ತು, ದೊಡ್ಡ ಡಬ್ಬದ ಬಾಗಿಲುಗಳು. ತಗಡು ಮನೆಬಾಗಿಲಿನಷ್ಟು ಅಗಲ. ಪೆಡಲಿನ ಕಡೆ ಅಪ್ಪ, ಆ ಕಡೆ ತಗಡು ಹಿಡಿದು ಚಿಕ್ಕಪ್ಪ. ನಡುವೆ ಎತ್ತಿ ಹಿಡಿದ ತಗಡು, ಅಪ್ಪನಿಗೆ ಅವನ ಮುಖವೂ ಕಾಣದು, ಭುಜವೂ ಕಾಣದು. ಕತ್ತರಿಸಿದ ಚೂರೊಂದು ಒಳಗೆ ಸಿಕ್ಕಿಕೊಂಡಿತು. ಚಿಕ್ಕಪ್ಪ "ತಡೀ ಅಣ್ಣಾ" ಎಂದು ಕೂಗಿ ಅದನ್ನು ತೆಗೆಯಲು ಕೈ ಹಾಕಿದ. ಆ ಗದ್ದಲದಲ್ಲೂ ಅಷ್ಟು ಹತ್ತಿರದ ಕೂಗು ಸರಿಯಾದ ಕಿವಿಗೆ ಕೇಳಬೇಕು. ಅಪ್ಪ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡು, ಐದಾದ ಮೇಲೆ, ಒತ್ತಿದ.

ಅವತ್ತು ಅಪ್ಪ ಮನೆಗೆ ಬಂದಾಗ ಅಂಗಿಯ ಮೇಲೆಲ್ಲ ಕಲೆ. ಸೈಕಲ್ಲನ್ನು ಫ್ಯಾಕ್ಟರಿಯಲ್ಲೇ ಬಿಟ್ಟು ನಡೆದುಕೊಂಡು ಬಂದಿದ್ದ. ಬಚ್ಚಲಿಗೆ ಹೋದವನು ಹೊರಗೇ ಬರಲಿಲ್ಲ. ನಾನು ಬಾಗಿಲು ತಟ್ಟಿದೆ, ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ತಟ್ಟುತ್ತಲೇ ಇದ್ದೆ.

ಮಾರನೆಯ ದಿನ ಮ್ಯಾನೇಜರು ಅಪ್ಪನನ್ನು ಆಫೀಸಿಗೆ ಕರೆಸಿದರು. ಎದುರಿಗೆ ಕೂರಿಸಿ, ಕೈ ಹಾಕುವ ಮುಂಚೆ ಚಿಕ್ಕಪ್ಪ ಕೂಗಿದನಾ ಎಂದು ಕೇಳಿದರು. ಅಪ್ಪ, "ನಂಗೆ ಕೇಳ್ಲಿಲ್ಲ ಸಾರ್," ಎಂದ. ಅವರು ಇಂಗ್ಲಿಷಿನಲ್ಲಿ ಏನೋ ಬರೆದು ಸಹಿ ಮಾಡಿಸಿಕೊಂಡರು. ಕೆಲಸಗಾರ ಎಚ್ಚರಿಕೆಯನ್ನೇ ಕೊಡದೆ ಕೈ ಹಾಕಿದ, ತಪ್ಪು ಅವನದೇ ಎಂದು ಅದರಲ್ಲಿತ್ತು. ಮನೆಗೆ ಬಂದು ಅಪ್ಪ ನನ್ನ ಮುಂದೆ ಕೂತ. "ನಾನ್ ಸುಳ್ಳು ಏಳ್ಲಿಲ್ಲ ಮಗಾ. ಕೇಳ್ಲಿಲ್ಲ ಅಂದೆ. ಅಷ್ಟೇ ಅಂದಿದ್ದು," ಎಂದ. ಅದನ್ನೇ ಮೂರ್ನಾಲ್ಕು ಸಲ ಹೇಳಿದ. ಅವನು ಸುಳ್ಳು ಹೇಳಿರಲಿಲ್ಲ ಎನ್ನುವುದು ನಿಜ. ಚಿಕ್ಕಪ್ಪ ಕೂಗಿದ್ದೂ ನಿಜ. ಆ ಎರಡೂ ನಿಜ ಎಂದು ತಿಳಿದವರು ಇಡೀ ದಾಸರಹಳ್ಳಿಯಲ್ಲಿ ಅಪ್ಪ, ನಾನು ಇಬ್ಬರೇ ಎಂದುಕೊಂಡಿದ್ದೆ.

ಚಿಕ್ಕಪ್ಪ ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಲಗಿದ. ಪಂಪಿನ ಹತ್ತಿರ ಮಾತು ನಿಂತುಹೋಯಿತು. ನಾನು ಅವನ ಮನೆಯ ಮುಂದೆ ಹೋಗುವಾಗ ಚೀಲವನ್ನು ಆ ಕಡೆಯ ಭುಜಕ್ಕೆ ಬದಲಾಯಿಸಿಕೊಂಡು ಮುಖ ಮರೆಮಾಡಿಕೊಳ್ಳುತ್ತಿದ್ದೆ. ತರಗತಿಯಲ್ಲಿ ಮೇಷ್ಟ್ರು ಬೆಳಕಿನ ಪಾಠ ಮುಗಿಸಿ ಅಯಸ್ಕಾಂತಕ್ಕೆ ಬಂದಿದ್ದರು. ಯಾವ ಪ್ರಯೋಗಕ್ಕೂ ನಾನು ಕೈಯೆತ್ತಲಿಲ್ಲ.

ಹೀಗೆ ಮೂರು ವಾರ. ಒಂದು ದಿನ ಸಂಜೆ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಒಳಗೆ ಕೂರಲಿಲ್ಲ, ಹೊಸಿಲ ಹೊರಗೇ ನಿಂತಳು.

"ಅಕ್ಕ, ಇವ್ರು ಕೂಗಿದ್ದೆ ಅಂತಾರೆ. ದೇವರ ಮೇಲೆ ಆಣೆ ಇಟ್ಟು ಹೇಳ್ತಾರೆ. ಫ್ಯಾಕ್ಟ್ರಿಯೋರು, ಕೂಗೇ ಇಲ್ಲ, ತಪ್ಪು ನಿಂದೇ, ಪರಿಹಾರ ಏನೂ ಕೊಡಲ್ಲ ಅಂತ ಕಳಿಸಿಬಿಟ್ರು. ಭಾವನವ್ರು ಒಂದು ಮಾತು ಹೇಳಿದ್ರೆ ಆಗೋದು. ಯಾಕೆ ಹೇಳ್ತಿಲ್ಲ ಅಕ್ಕ? ನಾವೇನು ಮಾಡಿದ್ವಿ ನಿಮ್ಗೆ?"

ಚಿಕ್ಕಮ್ಮ ಹೋದ ಮೇಲೆ ಅಮ್ಮ ಅಪ್ಪನ ಹತ್ತಿರ ಹೋಗಿ, ಅವನ ಬೆನ್ನಿನ ಹಿಂದೆ ನಿಂತು, ಅಳುತ್ತ ಕೂಗಿದಳು. ಅಪ್ಪ ತಿರುಗಲಿಲ್ಲ. ಅಮ್ಮನ ಕೈ ಮೇಲೇರಿತು, ಹೊಡೆದೇಬಿಡುತ್ತಾಳೆ ಎನ್ನಿಸಿತು.

"ಅಪ್ಪಂಗೆ ಕಿವಿ ಕೇಳಲ್ಲ ಅಮ್ಮ," ಎಂದುಬಿಟ್ಟೆ.

ಅಮ್ಮ ನನ್ನ ಕಡೆ ತಿರುಗಿದಳು.

"ಎಷ್ಟೋ ವರ್ಷದಿಂದ ಕೇಳಲ್ಲ. ನಂಗೆ ಗೊತ್ತಿತ್ತು. ಡಾಕ್ಟ್ರ ಹತ್ರ ಪಾಸಾಗೋಕೆ ನಾನೇ ಹೇಳಿಕೊಟ್ಟೆ."

ಎಲ್ಲವನ್ನೂ ಹೇಳಿದೆ. ಅಮ್ಮ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ಗೋಡೆಗೆ ಒರಗಿ ಕೂತಳು. "ಕಲ್ಲು ಅಂದಿದ್ನಲ್ಲೇ ನಾನು," ಎಂದಳು. "ಎಷ್ಟು ಸಲ ಅಂದಿದ್ನಲ್ಲೇ." ಅಪ್ಪ ಆಗಲೇ ತಿರುಗಿ ನಮ್ಮಿಬ್ಬರನ್ನು ನೋಡುತ್ತಿದ್ದ. ನಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಎದ್ದು, ಮುಖ ತೊಳೆದು, ಅಪ್ಪನ ಎದುರಿಗೆ ಕೂತಳು. ಅವನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾಳೆ ಆಫೀಸಿಗೆ ಹೋಗಿ. ನಂಗೆ ಕಿವಿ ಕೇಳಲ್ಲ ಅಂತ ಹೇಳಿ. ಕೆಲಸ ಹೋದ್ರೆ ಹೋಗ್ಲಿ. ನಾನು ಎಲ್ಲಾದ್ರೂ ಹೋಗಿ ದುಡೀತೀನಿ."

ಅಪ್ಪ ಹೋದ. ನಾನು ಒಂದು ಹಾಳೆಯಲ್ಲಿ ಅವನು ಹೇಳಿದಂತೆ ಬರೆದುಕೊಟ್ಟಿದ್ದೆ: ನನಗೆ ಎರಡೂ ಕಿವಿ ಕೇಳುವುದಿಲ್ಲ, ಅವನು ಕೂಗಿರುತ್ತಾನೆ, ನನಗೆ ಕೇಳಿಸಲಿಲ್ಲ, ತಪ್ಪು ನನ್ನದು. ಮತ್ತೆ ಡಾಕ್ಟರ್ ಹತ್ತಿರ ಕಳಿಸಿದರು. ಮೊದಲ ಸಲ ಹೇಗೆ ಪಾಸಾದೆ ಎಂದು ಕೇಳಿದ್ದಕ್ಕೆ ಅಪ್ಪ ಅಂದಾಜಿನ ಮೇಲೆ ಹೇಳಿದೆ ಎಂದನಂತೆ. ನನ್ನ ಹೆಸರನ್ನಾಗಲಿ, ನಂಬರು ಹೇಳಿದ್ದ ಚಿಕ್ಕಪ್ಪನ ಹೆಸರನ್ನಾಗಲಿ ಎತ್ತಲಿಲ್ಲ. ಅವನನ್ನು ಪ್ರೆಸ್ಸಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಹಳೆಯ ಕಾಗದ ಹರಿದು ಹೊಸದು ಬರೆದರು. ಚಿಕ್ಕಪ್ಪನಿಗೆ ಸಿಗಬೇಕಾದ ಪರಿಹಾರದ ಹಣ ಸಿಕ್ಕಿತು, ಗೇಟಿನಲ್ಲಿ ಕೂರುವ ಕೆಲಸವನ್ನೂ ಕೊಡುತ್ತೇವೆ ಎಂದರು.

ಆ ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಚಿಕ್ಕಪ್ಪನ ಮನೆಗೆ ಹೋದ. ಎರಡೇ ಮನೆ ಆಚೆ, ಆದರೂ ಒಗೆದ ಪಂಚೆ ಉಟ್ಟುಕೊಂಡ. ಚಿಕ್ಕಪ್ಪ ಮಂಚದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದ್ದ. ಬ್ಯಾಂಡೇಜು ಸುತ್ತಿದ ಕೈ ದಿಂಬಿನ ಮೇಲಿತ್ತು. ಅಪ್ಪ ಬಾಗಿಲಲ್ಲೇ ನಿಂತು, "ತಪ್ಪಾಯ್ತು ಕಣಪ್ಪ," ಎಂದ. ತನ್ನ ದನಿ ಎಷ್ಟು ಎತ್ತರ ಎನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲ, ಇಡೀ ವಠಾರಕ್ಕೆ ಕೇಳಿತು.

ಚಿಕ್ಕಪ್ಪ ತಿರುಗಲಿಲ್ಲ. ಗೋಡೆಯನ್ನು ನೋಡುತ್ತಲೇ ಮೆಲ್ಲಗೆ ಮಾತಾಡಿದ.

"ನಿಮ್ಮಪ್ಪಂಗೆ ಕಿವಿ ಕೇಳಲ್ಲ ಅಂತ ನಂಗೆ ಎರಡು ವರ್ಷದಿಂದ ಗೊತ್ತಿತ್ತು. ಆ ನಂಬರ್ರು ನಾನು ಹೇಳಿದ್ದು ಯಾರಿಗೆ ಅಂದ್ಕೊಂಡ? ಅಣ್ಣನ ಕೆಲಸ ಹೋಗ್ಬಾರ್ದು ಅಂತ ಹೇಳ್ದೆ. ಬೆರಳು ಹೋಗಿದ್ದಕ್ಕೆ ನಂಗೆ ಅವನ ಮೇಲೆ ಸಿಟ್ಟಿಲ್ಲ. ನಂಗೂ ಅದರಲ್ಲಿ ಪಾಲೈತೆ. ಆದ್ರೆ ಇಪ್ಪತ್ತು ದಿನ ಸುಮ್ನಿದ್ದ. ಇಪ್ಪತ್ತು ದಿನ ನನ್ನ ಹೆಂಡ್ತಿ ಮಕ್ಕಳ ಮುಂದೆ ನಾನು ಸುಳ್ಳುಗಾರ ಆದೆ. ಕೇಳ್ಲಿಲ್ಲ ಅಂದ್ರೆ ಕೂಗ್ಲಿಲ್ಲ ಅಂತಾನಾ? ಹೇಳು ಅವನಿಗೆ, ಇನ್ನು ನನ್ನ ಮುಂದೆ ಬರೋದು ಬೇಡ."

ಅಪ್ಪನಿಗೆ ಒಂದು ಅಕ್ಷರವೂ ಕೇಳಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಏನಂದ ಮಗಾ? ಏನಂದ?"

ಚಿಕ್ಕಪ್ಪ ಕ್ಷಮಿಸಿದ್ದಾನೆ ಎಂದು ಹೇಳುವುದು ನನಗೆ ಎಷ್ಟು ಸುಲಭವಿತ್ತು. ಅಪ್ಪ ನಂಬುತ್ತಿದ್ದ. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮ್ಮ ನನ್ನ ಕಡೆ ನೋಡಿದಳು, ಅವಳೂ ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ನಾನು ಅಪ್ಪನ ಎದುರಿಗೆ ಬಂದು ನಿಂತೆ. ಚಿಕ್ಕಪ್ಪ ಹೇಳಿದ ಅಷ್ಟೂ ಮಾತನ್ನು, ಒಂದನ್ನೂ ಬಿಡದೆ, ತುಟಿ ಬಿಡಿಸಿ ಹೇಳಿದೆ. ಕೊನೆಯ ಮಾತು ಹೇಳುವಾಗ ನನ್ನ ದನಿಯೇ ಹೊರಡಲಿಲ್ಲ, ಬರೀ ತುಟಿ ಆಡಿತು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಅವನು ಚಿಕ್ಕಪ್ಪನ ಬೆನ್ನಿಗೆ ಕೈಮುಗಿದು ಹೊರಗೆ ಬಂದ.

ಚಿಕ್ಕಪ್ಪ ಗೇಟಿನ ಕೆಲಸಕ್ಕೆ ಒಂದು ವರ್ಷ ಹೋದ. ಎರಡು ಮನೆಯವರೂ ಪಂಪಿನ ಹತ್ತಿರ ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದೆವು. ಅಪ್ಪ ದಿನವೂ ಆ ಗೇಟಿನಿಂದಲೇ ಒಳಗೆ ಹೋಗಬೇಕು. ಸೈಕಲ್ಲಿಂದ ಇಳಿದು ತಲೆತಗ್ಗಿಸಿ ತಳ್ಳಿಕೊಂಡು ಹೋಗುತ್ತಿದ್ದನಂತೆ, ಚಿಕ್ಕಪ್ಪ ರಿಜಿಸ್ಟರಿನಲ್ಲಿ ಎಡಗೈಯಿಂದ ಬರೆಯುತ್ತಿದ್ದನಂತೆ. ಆಮೇಲೆ ಅವರು ಮನೆ ಖಾಲಿ ಮಾಡಿ ಊರಿಗೆ ಹೊರಟುಹೋದರು. ಲಾರಿಗೆ ಸಾಮಾನು ಹಾಕುವ ದಿನ ಅಪ್ಪ ಮನೆಯೊಳಗೇ ಇದ್ದ. ಚಿಕ್ಕಮ್ಮ ಮಾತ್ರ ಬಂದು ಅಮ್ಮನಿಗೆ ತಮ್ಮ ತುಳಸಿ ಕುಂಡ ಕೊಟ್ಟು ಹೋದಳು.

ಅಮ್ಮ ಹೇಳಿದಂತೆ ದುಡಿಯಲು ಹೋದಳು. ಜಾಲಹಳ್ಳಿ ಕಡೆ ಅಗರಬತ್ತಿ ಹೊಸೆಯುವ ಕೆಲಸ ಹಿಡಿದಳು. ಸಂಜೆ ಬಂದು, ಅಪ್ಪನ ಎದುರಿಗೆ ಕೂತು, ಅಂದು ಏನೇನು ನಡೆಯಿತೆಂದು ಕೈಬಾಯಿ ತಿರುಗಿಸಿ ಹೇಳುತ್ತಿದ್ದಳು. ಅಮ್ಮ ಅವನ ಹತ್ತಿರ ಅಷ್ಟು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಅಪ್ಪನೇ ಮಾತು ಬಿಟ್ಟುಬಿಟ್ಟ. ಊಂ, ಊಹೂಂ ಅಷ್ಟೇ. ಮೂರ್ನಾಲ್ಕು ವರ್ಷದಲ್ಲಿ ಜುಂ ಎನ್ನುವುದು ಬಿಟ್ಟರೆ ಅವನಿಗೆ ಏನೂ ಉಳಿಯಲಿಲ್ಲ.

ನಾನು ಬಿ.ಎಸ್ಸಿ. ಓದುವಾಗ, ಎಂಬತ್ತರ ದಶಕದ ನಡುವೆ, ಅಪ್ಪ ತೀರಿಕೊಂಡ. ಎದೆನೋವು ಎಂದವನು ಆಸ್ಪತ್ರೆ ಸೇರುವ ಮೊದಲೇ ಹೋದ. ವಠಾರದವರೊಬ್ಬರ ಕೈಯಲ್ಲಿ ನೆಲಮಂಗಲದ ಕಡೆಗೂ ಸುದ್ದಿ ಕಳಿಸಿದೆವು. ಮಣ್ಣಿಗೆ ಆ ಕಡೆಯಿಂದ ಯಾರೂ ಬರಲಿಲ್ಲ. ತಿಥಿಗೂ ಬರಲಿಲ್ಲ.

ತಿಥಿಯಾಗಿ ಒಂದು ವಾರಕ್ಕೆ ಚಿಕ್ಕಮ್ಮ ಒಬ್ಬಳೇ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅಪ್ಪನ ಫೋಟೋದ ಮುಂದೆ ಹೂವಿಟ್ಟು ತುಂಬ ಹೊತ್ತು ಕೂತಿದ್ದಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡಳು.

"ಅವ್ರೂ ಬರ್ತಿದ್ರು ಅಕ್ಕ. ಮಣ್ಣಿನ ದಿವಸ ಬಟ್ಟೆ ಹಾಕ್ಕೊಂಡು ಬಸ್ ಸ್ಟಾಪಿನ ತನಕ ಬಂದ್ರು. ಎರಡು ಬಸ್ಸು ಬಿಟ್ರು. ಮೂರನೇದು ಬಂದಾಗ ಎದ್ದು ಮನೆ ಕಡೆಗೆ ಹೊರಟ್ರು. ಇವತ್ತೂ ನನ್ನ ಹತ್ತಿಸಿ, ಅವ್ರು ಅಲ್ಲೇ ನಿಂತ್ರು."

ಅಮ್ಮ ತಲೆಯಾಡಿಸಿದಳು. ಒಳಗೆ ಹೋಗಿ ಎಲೆ ಹಾಕಿ, ಚಿಕ್ಕಮ್ಮನನ್ನು ಕರೆದು ಕೂರಿಸಿ, ಬಿಸಿ ಮುದ್ದೆ ಸಾರು ಬಡಿಸಿದಳು. ಸಂಜೆ ನಾನೇ ಅವಳ ಜೊತೆ ರಸ್ತೆಯ ತನಕ ಹೋಗಿ ನೆಲಮಂಗಲದ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು ಅವಳಿಗೆ. ಬಸ್ಸು ಹೊರಟ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮನೆಗೆ ಬಂದೆ.